ಆಂಟಿ ಹೇಳಿದ ಮೂತಿ

ಮದುವೆಯಾಗಿ ವಿಜಯಪುರದಿಂದ ಹೈದರಾಬಾದಿನ ನಾಚಾರಂಗೆ ಬಂದ ಮೇಲೆ ನನಗೆ ಅದು ಮೊದಲ ಯುಗಾದಿ. ತೆಲುಗು ಒಂದಕ್ಷರ ಬರುತ್ತಿರಲಿಲ್ಲ.

ಮಾವನವರ ಬಳಿ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು. ಸೆಲ್ ಬೇಡ, ಗುಂಡಿ ಒತ್ತಿದರೆ ಸದ್ದೂ ಅಷ್ಟಕ್ಕಷ್ಟೇ. ಹಿಂದೆ ಪತ್ರಿಕೆಯವರು ಇಂಥದನ್ನೇ ಹಿಡಿದು ಯುದ್ಧಕ್ಕೂ ಹೋಗುತ್ತಿದ್ದರಂತೆ. ಮನೆಯ ಆಲ್ಬಂ ತುಂಬ ಅದರದೇ ಫೋಟೋಗಳು. ಆದರೆ ಮಾವ ಯಾವಾಗಲೂ ಕ್ಯಾಮೆರಾ ಹಿಂದೆ. ಅವರ ಮದುವೆಯಾದಾಗಿನಿಂದ ಅತ್ತೆ ಮಾವ ಇಬ್ಬರೇ ಜೊತೆಗಿರುವ ಫೋಟೋ ಒಂದೂ ಇರಲಿಲ್ಲ. ಅದಕ್ಕೆಂದೇ ಮಾವ ರೀಲಿನ ಕೊನೆಯಲ್ಲಿ ನಾಲ್ಕೈದು ಫೋಟೋ ಉಳಿಸಿಕೊಂಡಿದ್ದರು.

"ಈ ಸಣ್ಣ ಕಿಟಕ್ಯಾಗ ನೋಡಿದ್ರ ನಾವು ಎರಡೆರಡು ಕಾಣತೀವಿ. ಲೆನ್ಸಿನ ಈ ಉಂಗುರ ತಿರುವು. ಎರಡೂ ಕೂಡಿ ಒಂದಾದ ಮ್ಯಾಲ ಗುಂಡಿ ಒತ್ತವ್ವಾ" ಎಂದು ಕ್ಯಾಮೆರಾ ನನ್ನ ಕೈಗಿಟ್ಟರು. ಅತ್ತೆ ಸೀರೆ ಉಟ್ಟು ಬರುವಷ್ಟರಲ್ಲಿ ಧೂಳು ಕೂತೀತೆಂದು ನಾನು ಲೆನ್ಸಿಗೆ ಮುಚ್ಚಳ ಹಾಕಿದೆ. ಹಾಕಿದ್ದನ್ನು ಮರೆತೂಬಿಟ್ಟೆ.

ಇಬ್ಬರೂ ಮಾಳಿಗೆಯ ಮೇಲೆ ಕುಳಿತರು. "ಚಶ್ಮಾ ತೆಗೀರಿ, ಚಂದ ಕಾಣಸೂದಿಲ್ಲ" ಎಂದು ಅತ್ತೆ ಮಾವನ ಕನ್ನಡಕ ಕಸಿದುಕೊಂಡರು. ನಾನು ಇಣುಕಿದರೆ ಇಬ್ಬರು ಅತ್ತೆಯರು, ಇಬ್ಬರು ಮಾವಂದಿರು. ಒಬ್ಬ ಅತ್ತೆಗೇ ಹೆದರುತ್ತಿದ್ದ ಹೊಸ ಸೊಸೆ ನಾನು! ಉಂಗುರ ಯಾವ ಕಡೆ ತಿರುಗಿಸಬೇಕೆಂದೇ ತಿಳಿಯಲಿಲ್ಲ. ಹೇಗೋ ಒಂದು ಮಾಡಿ ಒತ್ತಿದೆ.

ಪಕ್ಕದಲ್ಲಿ ಬೇವುಬೆಲ್ಲದ ಪಚ್ಚಡಿ ಬಟ್ಟಲು ಹಿಡಿದು ನಿಂತಿದ್ದ ನೆರೆಮನೆಯ ಪದ್ಮ ಆಂಟಿ, ನನ್ನ ಕಿವಿಯಲ್ಲಿ ಮೆಲ್ಲಗೆ "ಮೂತ ತೀಯಮ್ಮಾ" ಎಂದರು.

ನನಗೆ ಕೇಳಿಸಿದ್ದು 'ಮೂತಿ ತೆಗಿಯಮ್ಮಾ'. ಹಬ್ಬದ ದಿನ ಹಿರಿಯರ ಮುಖಕ್ಕೆ ಮೂತಿ ಅನ್ನುವುದೇ? ಹತ್ತಿರದಿಂದ ಮುಖವಷ್ಟೇ ತೆಗೆಯಬೇಕೇನೋ ಎಂದುಕೊಂಡು ಮುಂದೆ ಹೋಗಿ ಒತ್ತಿದೆ. "ಮೂತ, ಮೂತ!" ಎಂದರು. ಇನ್ನೂ ಮುಂದೆ ಹೋದೆ. ಅತ್ತೆ ಗಾಬರಿಯಾಗಿ ಹಿಂದೆ ಸರಿದರು. ಕೊನೆಗೆ ಆಂಟಿಯೇ ಬಂದು ಮುಚ್ಚಳ ಕಿತ್ತು ನನ್ನ ಕೈಗೆ ಕೊಟ್ಟರು.

ಆ ಕ್ಯಾಮೆರಾದಲ್ಲಿ ನೋಡುವ ಕಿಟಕಿಯೇ ಬೇರೆ, ಚಿತ್ರ ಹಿಡಿಯುವ ಲೆನ್ಸೇ ಬೇರೆ. ಮುಚ್ಚಳ ಹಾಕಿದ್ದರೂ ಎಲ್ಲ ಕಾಣುತ್ತದೆ. ನನಗೇನು ಗೊತ್ತು? "ಆಂಟಿ ಮೂತಿ ತೆಗಿ ಅಂದ್ರು, ಅದಕ್ಕ..." ಎಂದು ತೊದಲಿದೆ.

"ಅಯ್ಯ ನಮ್ಮವ್ವಾ! ತೆಲುಗಿನ್ಯಾಗ ಮೂತ ಅಂದ್ರ ಮುಚ್ಚಳ!" ಎಂದು ಅತ್ತೆ ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕರು. ಉಳಿದಿದ್ದು ಒಂದೇ ಫೋಟೋ. ಉಂಗುರ ತಿರುಗಿಸುವುದನ್ನೂ ಮರೆತು ಒತ್ತಿಬಿಟ್ಟೆ.

ಬೇಗಂಪೇಟೆಯಲ್ಲಿ ರೀಲು ತೊಳೆಸಿ ತಂದಾಗ ಅವರಿಬ್ಬರದು ಬಂದಿದ್ದು ಅದೊಂದೇ. ಅದರಲ್ಲೂ ಇಬ್ಬರ ಮುಖ ಮಸುಕು. ಹಿಂದೆ ಆಂಟಿ ಒಣಹಾಕಿದ್ದ ಟವೆಲ್ ಮಾತ್ರ ನಿಚ್ಚಳ. ನನಗೆ ಅಳುವೇ ಬಂತು. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಏ, ಇಲ್ಲಿ ನೋಡು. ನನ್ನ ಹೆಗಲ ಮ್ಯಾಲ ಕೈ ಹಾಕೀದಿ."

"ನಾ ಎಲ್ಲಿ ಹಾಕೇನಿ? ನಗೂ ಭರಕ್ಕ ಬೀಳಾಕತ್ತಿದ್ದೆ, ಹಿಡಕೊಂಡೇನಿ ಅಷ್ಟ" ಎಂದು ಅತ್ತೆ ಒಳಗೆ ಹೋದರು.

ಆಸರೆಗೆ ಹಿಡಿದದ್ದೋ, ಪ್ರೀತಿಯಿಂದ ಇಟ್ಟದ್ದೋ, ಎಷ್ಟು ಸಲ ನೋಡಿದರೂ ನನಗಿನ್ನೂ ತಿಳಿದಿಲ್ಲ. ಆ ಮಸುಕು ಫೋಟೋ ಈಗ ಪಡಸಾಲೆಯ ಗೋಡೆಯ ಮೇಲಿದೆ. "ಇನ್ನೊಂದು ರೀಲು ತರಸ್ರಿ ಮಾವಾರ, ಈ ಸಲ ಸರಿಯಾಗಿ ತೆಗೀತೀನಿ" ಎಂದರೆ ಅವರು ಒಪ್ಪುವುದಿಲ್ಲ.

"ಬ್ಯಾಡವ್ವಾ. ಮತ್ತ ಆಕಿ ಹಂಗ ಕೈ ಇಡೂದಿಲ್ಲ."