ಅಕ್ಕ ಮಿಲ್ಲಿಗೆ ಹೋದದ್ದು

ನಿನ್ನೆ ಬಂಗಾರಪೇಟೆಯ ಹಾಸಿಗೆ ಅಂಗಡಿಯ ಮುಂದೆ ಹತ್ತಿ ಹಿಂಜುತ್ತಿದ್ದರು. ಆ ಧೂಳಿನ ವಾಸನೆ ಬಡಿದದ್ದೇ, ನಾವಿದ್ದ ಮಿಲ್ಲಿನ ಲೈನ್ ಮನೆ ಕಣ್ಣೆದುರು ಬಂತು.

ಅಪ್ಪ ನೂಲಿನ ಮಿಲ್ಲಿನಲ್ಲಿದ್ದರು. ಕೆಲಸ ಮುಗಿಸಿ ಬಂದರೆ ಹುಬ್ಬಿನ ಮೇಲೂ ಬಿಳಿ ಹತ್ತಿ. ಅಮ್ಮ ಬಾಗಿಲಲ್ಲೇ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ ಒಳಗೆ ಬಿಡುತ್ತಿದ್ದಳು. ಆದರೂ ಎದೆಗೆ ಧೂಳು ಇಳಿದಿತ್ತು. ಅಪ್ಪ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದರು.

ಒಂದು ಸಂಜೆ ಮಿಲ್ಲಿನ ಮೇಸ್ತ್ರಿ ಬಂದ. "ಮನೆಯಿಂದ ಒಬ್ರಾದ್ರೂ ಕೆಲ್ಸಕ್ಕೆ ಬರ್ಬೇಕು ಕಣಮ್ಮ. ಇಲ್ದಿದ್ರೆ ಮನೆ ಖಾಲಿ ಮಾಡ್ಬೇಕಾಯ್ತದೆ" ಎಂದ. ಅಮ್ಮನ ಮಡಿಲಲ್ಲಿ ಹಾಲು ಕುಡಿಯುವ ತಮ್ಮನಿದ್ದ.

"ನಾನು ಓಗ್ತೀನಿ" ಎಂದಳು, ಹತ್ತನೇ ತರಗತಿಯಲ್ಲಿದ್ದ ಅಕ್ಕ.

"ಬ್ಯಾಡ ಕಣಮ್ಮ. ನನ್ ಗತಿ ನೋಡ್ತಿದ್ದೀಯಲ್ಲ" ಎಂದು ಅಪ್ಪ ಬೇಡಿಕೊಂಡರು.

"ಮನೆ ಬಿಟ್ರೆ ನೀನೆಲ್ಲಿ ಮಲಿಕ್ಕೊಂತೀಯಪ್ಪ?"

ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ಮರುದಿನ ಅಕ್ಕ ಶಾಲೆಯ ಲಂಗದಲ್ಲೇ ಮಿಲ್ಲಿಗೆ ಹೋದಳು. ನಾನು ಓದಿದ್ದೆಲ್ಲ ಅವಳ ದುಡಿಮೆಯಲ್ಲಿ.

ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಯಿತು. ಅಕ್ಕ ಈಗ ಬೂದಿಕೋಟೆಯಲ್ಲಿದ್ದಾಳೆ. ಫೋನಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ಉಸಿರು ಸಾಲದೆ ನಿಲ್ಲುತ್ತಾಳೆ. ಏನಾಯ್ತಕ್ಕ ಅಂದರೆ, "ಏನಿಲ್ಲ, ಈಗ್ತಾನೆ ಮೆಟ್ಲು ಅತ್ತಿ ಬಂದೆ" ಅನ್ನುತ್ತಾಳೆ.

ಅವಳ ಮನೆಗೆ ಮೆಟ್ಟಿಲೇ ಇಲ್ಲ.