ಮೇಲೂರು ಬಾವಿಯಲ್ಲಿ ಎರಡು ಉಸಿರು

ದೆವ್ವ, ಜಿನ್, ಸೋಂಕು ಎಂಬ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ನಗು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಯಾರಿಗಾದರೂ ಮೂರು ದಿನ ಜ್ವರ ಬಿಡದಿದ್ದರೆ ತಾಯತ ಕಟ್ಟಿಸುತ್ತಿದ್ದರು. ಅಮ್ಮಿ ನನ್ನ ತೋಳಿಗೆ ಕಟ್ಟಿದ ತಾಯತವನ್ನು ಬಿಚ್ಚಿ ಮೇಕೆಯ ಕೊರಳಿಗೆ ಕಟ್ಟಿ ಚೆನ್ನಾಗಿ ಬೈಸಿಕೊಂಡವನು ನಾನು. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಾನೇ ನಂಬಿದ್ದೇನೆಯೇ ಎಂದು ಕೇಳಿದರೆ ಅದಕ್ಕೂ ನನ್ನಲ್ಲಿ ನೇರ ಉತ್ತರವಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅಬ್ಬಾ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುತ್ತಿದ್ದರು. ನನಗೆ ಆ ಬಿಸಿನೀರೂ ಆಗುತ್ತಿರಲಿಲ್ಲ, ಹುಳುವಿನ ವಾಸನೆಯೂ ಆಗುತ್ತಿರಲಿಲ್ಲ. ಈಜು ಮಾತ್ರ ಚೆನ್ನಾಗಿ ಬರುತ್ತಿತ್ತು. ಅದನ್ನು ಕಲಿಸಿದವರು ಮೇಲೂರಿನ ಮುನಿಶಾಮಣ್ಣ, ಗೂಡಿನ ಮಾರುಕಟ್ಟೆಯಲ್ಲಿ ಅಬ್ಬಾಗೆ ಸ್ನೇಹಿತರಾದ ರೈತರು. ನನ್ನ ಸೊಂಟಕ್ಕೆ ಹಗ್ಗ, ಬೆನ್ನಿಗೆ ಖಾಲಿ ಡಬ್ಬ ಕಟ್ಟಿ, ತಮ್ಮ ತೋಟದ ಬಾವಿಗೆ ತಳ್ಳಿ, ಮೇಲೆ ನಿಂತು ನಗುತ್ತಿದ್ದರು. ಆ ಈಜನ್ನೇ ನೆಚ್ಚಿಕೊಂಡು ನಾನು ಗೋವಾಕ್ಕೆ ಹೋದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿ ಇಳಿಯುವ ಸ್ಕೂಬಾ ಡೈವಿಂಗ್ ಕಲಿಸುವ ಜಾಗವೊಂದರಲ್ಲಿ ಸೇರಿಕೊಂಡೆ. ಮೊದಲು ಸಿಲಿಂಡರ್ ಹೊರುವ ಕೆಲಸ, ಆಮೇಲೆ ಕಲಿಕೆ, ಕೊನೆಗೆ ಬೇರೆಯವರಿಗೆ ಕಲಿಸುವ ಮೇಷ್ಟ್ರಾಗಲು ತರಬೇತಿ.

ಒಂದೇ ಒಂದು ಪಾಠ ನನ್ನನ್ನು ಕೆಡವಿತು. ನೀರಿನಡಿ ಜೊತೆಗಾರನ ಗಾಳಿ ಮುಗಿದರೆ, ನಮ್ಮ ಬಾಯಲ್ಲಿ ಕಚ್ಚಿಕೊಂಡಿರುವ ರಬ್ಬರಿನ ಮೌತ್‌ಪೀಸ್ ತೆಗೆದು ಅವನತ್ತ ಚಾಚಬೇಕು. ಅವನು ನಮ್ಮ ಮಣಿಕಟ್ಟು ಹಿಡಿದು ಅದನ್ನು ತನ್ನ ಬಾಯಿಗೆ ತಂದುಕೊಳ್ಳುತ್ತಾನೆ, ಎರಡು ಉಸಿರು ಎಳೆದುಕೊಂಡು ನಮ್ಮ ಕೈಯನ್ನು ವಾಪಸ್ ತಳ್ಳುತ್ತಾನೆ. ಆಮೇಲೆ ನಮಗೆ ಎರಡು ಉಸಿರು. ಹೀಗೆ ಸರದಿ. ಪರೀಕ್ಷೆಯಲ್ಲಿ ಕಣ್ಣಿನ ಮಾಸ್ಕಿಗೆ ಕಪ್ಪು ಕಾಗದ ಅಂಟಿಸಿ ಇದನ್ನು ಮಾಡಿಸುತ್ತಿದ್ದರು. ಎರಡು ಸರದಿ ಸರಿಯಾಗಿ ಕೊಟ್ಟೆ. ಮೂರನೆಯದಕ್ಕೆ ಜೊತೆಗಾರ ನನ್ನ ಕೈ ತಟ್ಟಿದಾಗ ಅದೇನು ಭಯ ಬಂತೋ, ಮೌತ್‌ಪೀಸನ್ನು ಹಲ್ಲಲ್ಲಿ ಕಚ್ಚಿ ಹಿಡಿದುಬಿಟ್ಟೆ. ಕೊಡಲೇ ಇಲ್ಲ.

ನಮ್ಮ ಗುರುಗಳು ನೌಕಾಪಡೆಯಿಂದ ನಿವೃತ್ತರಾದವರು. ಅವರು ಬೈಯಲಿಲ್ಲ. ಗಾಳಿ ಕೊಡಲಾರದವನು ಕಲಿಸಲಾರ, ಇನ್ನೊಂದೇ ಅವಕಾಶ, ಆಮೇಲೆ ಊರಿಗೆ ಹೋಗು ಎಂದರು. ಊರಲ್ಲಿ ನೂಲಿನ ಚರಕ ನನಗಾಗಿ ಕಾಯುತ್ತಿತ್ತು.

ಮಳೆಗಾಲಕ್ಕೆ ಅಲ್ಲಿ ಕಡಲಿಗೆ ಇಳಿಯುವಂತಿಲ್ಲ. ಅಭ್ಯಾಸಕ್ಕೆಂದು ಗುರುಗಳು ಒಂದು ಹಳೆಯ ಸಿಲಿಂಡರ್ ತುಂಬಿಸಿ ಕೊಟ್ಟರು. ಅದನ್ನು ಹಾಸಿಗೆಯಲ್ಲಿ ಸುತ್ತಿ ಊರಿಗೆ ತಂದೆ. ಚಿಕ್ಕಬಳ್ಳಾಪುರದಲ್ಲಿ ಬಸ್ ಹತ್ತುವಾಗ ಕಂಡಕ್ಟರ್ ಗ್ಯಾಸ್ ಸಿಲಿಂಡರ್ ಎಂದುಕೊಂಡು ಜಗಳಕ್ಕೆ ನಿಂತ. ಗ್ಯಾಸಲ್ಲ, ಬರೀ ಗಾಳಿ ಎಂದು ತಿಳಿಸಿ ಹೇಳಿದ ಮೇಲೆ, ನಮ್ಮ ಕಡೆ ಗಾಳಿ ಇಲ್ಲ ಅಂತ ಹೊತ್ಕೊಂಡು ಬರ್ತಿದ್ದೀಯೇನಪ್ಪ ಎಂದು ಬಸ್ಸಿನವರನ್ನೆಲ್ಲ ನಗಿಸಿದ.

ಮುನಿಶಾಮಣ್ಣನ ಬಾವಿಯಲ್ಲಿ ಆ ವರ್ಷ ನಾಲ್ಕಾಳುದ್ದ ನೀರಿತ್ತು. ಮಧ್ಯಾಹ್ನ ಕರೆಂಟ್ ಹೋಗಿ ಪಂಪ್ ನಿಂತಿರುತ್ತಿದ್ದುದರಿಂದ ಅದೇ ಹೊತ್ತು ಗೊತ್ತುಮಾಡಿಕೊಂಡೆ. ಮಟಮಟ ಮಧ್ಯಾಹ್ನ ಬಾವಿಗಿಳಿಯುವುದು ಬೇಡವೇ ಬೇಡ, ‘ನಕ್ಕೋ ಬೇಟಾ, ನಕ್ಕೋ’ ಎಂದು ಅಮ್ಮಿ ಬಾಗಿಲವರೆಗೂ ಬಂದು ಅಡ್ಡ ನಿಂತಳು. ನಾನು ಎಂದಿನಂತೆ ನಕ್ಕೆ.

ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ಮುನಿಶಾಮಣ್ಣನ ಕೈಗೆ ಕೊಟ್ಟೆ. ಬಿಡದೆ ಜಗ್ಗಿದರೆ ಮೇಲಕ್ಕೆ ಎಳೆಯಬೇಕು ಎಂಬುದು ಮಾತು. ಮಾಸ್ಕಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿಕೊಂಡಿದ್ದೆ. ಜೊತೆಗಾರನಿಲ್ಲವಲ್ಲ, ಅದಕ್ಕೆ ನಾನೇ ಒಂದು ಉಪಾಯ ಮಾಡಿದ್ದೆ. ತಳದಲ್ಲಿ ಮಂಡಿಯೂರಿ, ಮೌತ್‌ಪೀಸ್ ತೆಗೆದು ಯಾರೋ ಎದುರಿಗಿದ್ದಾರೆ ಎಂಬಂತೆ ಕೈ ಚಾಚುವುದು, ಅವನ ಎರಡು ಉಸಿರಿಗೆ ಆಗುವಷ್ಟು ಹೊತ್ತು ಎಣಿಸುವುದು, ವಾಪಸ್ ಬಾಯಿಗೆ ಇಟ್ಟುಕೊಳ್ಳುವುದು. ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಆಗ ಅದು ಬಹಳ ಜಾಣತನ ಅನ್ನಿಸಿತ್ತು.

ತಳದ ಕೆಸರು ತಣ್ಣಗಿತ್ತು. ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ನಾಲ್ಕೈದು ಸಲ ಚಾಚಿದೆ, ಎಣಿಸಿದೆ, ವಾಪಸ್ ಇಟ್ಟುಕೊಂಡೆ. ಭಯ ಕಡಿಮೆಯಾಗುತ್ತಿದೆ ಎಂದು ಖುಷಿಯೂ ಆಯಿತು.

ಆರನೆಯ ಸಲವೋ ಏನೋ, ಕೈ ಚಾಚಿದಾಗ ನನ್ನ ಮಣಿಕಟ್ಟನ್ನು ಯಾರೋ ಹಿಡಿದುಕೊಂಡರು.

ಬಳ್ಳಿಯಲ್ಲ, ಹಗ್ಗವಲ್ಲ. ಬೆರಳುಗಳು. ಬಿಗಿಯಾಗಿ ಹಿಡಿಯಲಿಲ್ಲ, ನಮ್ಮ ಪಾಠದಲ್ಲಿ ಹೇಳಿಕೊಟ್ಟಿದ್ದಷ್ಟೇ ಬಿಗಿ. ನನ್ನ ಕೈಯನ್ನು ಅರ್ಧ ಅಡಿ ಮುಂದಕ್ಕೆ ತೆಗೆದುಕೊಂಡು ಹೋಯಿತು. ಮೌತ್‌ಪೀಸಿನಿಂದ ಗಾಳಿ ಎಳೆದುಕೊಳ್ಳುವ ಸದ್ದು ಒಂದು. ಗುಳ್ಳೆಗಳು ನನ್ನ ಕೆನ್ನೆಗೆ ತಾಗಿ ಮೇಲೆ ಹೋದವು. ಇನ್ನೊಂದು ಸಲ ಅದೇ ಸದ್ದು. ಆಮೇಲೆ ನನ್ನ ಕೈ ಮೆಲ್ಲಗೆ ನನ್ನ ಕಡೆಗೆ ವಾಪಸ್ ಬಂತು. ಉಸಿರು ಕಟ್ಟುತ್ತಿದ್ದುದರಿಂದ ಮೌತ್‌ಪೀಸನ್ನು ಬಾಯಿಗೆ ಇಟ್ಟುಕೊಳ್ಳಲೇಬೇಕಾಯಿತು. ರಬ್ಬರ್ ಬೆಚ್ಚಗಿತ್ತು. ಅಷ್ಟು ತಣ್ಣನೆಯ ನೀರಿನಲ್ಲಿ ಬೆಚ್ಚಗಿತ್ತು.

ಮುಂದೆ ನಾನು ಮಾಡಿದ್ದನ್ನು ಯಾರಿಗೆ ಹೇಳಿದರೂ ತಲೆ ಕೆಟ್ಟಿದೆ ಅನ್ನುತ್ತಾರೆ. ಎರಡು ಉಸಿರು ಎಳೆದುಕೊಂಡು ಮತ್ತೆ ಕೈ ಚಾಚಿದೆ. ಧೈರ್ಯ ಎಂದುಕೊಳ್ಳಬೇಡಿ, ನನ್ನದು ಒಲೆ ಮುಂದಿನ ಉತ್ತರನ ಪೌರುಷ. ತಿಂಗಳುಗಟ್ಟಲೆ ಮಾಡಿದ ಅಭ್ಯಾಸಕ್ಕೆ ಕೈ ತಾನೇ ಹೋಯಿತು. ಬೆರಳುಗಳು ಮತ್ತೆ ಹಿಡಿದವು. ಎರಡು ಉಸಿರು. ಮತ್ತೆ ವಾಪಸ್.

ಈ ಸಲ ಮೌತ್‌ಪೀಸ್ ಬಾಯಿಗೆ ಬಂದ ಕೂಡಲೇ ಕಚ್ಚಿ ಹಿಡಿದುಕೊಂಡೆ. ಎರಡು ಉಸಿರು ಆಯಿತು, ಮೂರು, ನಾಲ್ಕು. ನನ್ನ ಮುಂಗೈ ಮೇಲೆ ಎರಡು ಸಲ ತಟ್ಟಿತು, ಕೇಳುವ ಹಾಗೆ. ನಾನು ಕೊಡಲಿಲ್ಲ. ಕಿತ್ತುಕೊಳ್ಳುತ್ತದೆ ಎಂದು ಮೈಯೆಲ್ಲ ಬಿಗಿಹಿಡಿದು ಕಾದೆ. ಕಿತ್ತುಕೊಳ್ಳಲಿಲ್ಲ. ಇನ್ನೊಮ್ಮೆ, ಮೊದಲಿಗಿಂತ ಮೆಲ್ಲಗೆ ತಟ್ಟಿ, ಸುಮ್ಮನಾಯಿತು. ನಾನು ಹಗ್ಗವನ್ನು ಹುಚ್ಚನ ಹಾಗೆ ಜಗ್ಗಿದೆ.

ಮೇಲೆ ಬಂದು ಮೆಟ್ಟಿಲ ಮೇಲೆ ಬಿದ್ದುಕೊಂಡೆ. ಮುನಿಶಾಮಣ್ಣ ತಮ್ಮ ಟವೆಲ್ ಹೊದಿಸಿ, ಬೀಡಿ ಹಚ್ಚಿ, ನಾನು ತೊದಲಿದ್ದನ್ನೆಲ್ಲ ಕೇಳಿಸಿಕೊಂಡರು. ಈ ಬಾವಿಯಲ್ಲಿ ಯಾರಾದರೂ ಸತ್ತಿದ್ದಾರಾ ಎಂದು ಕೇಳಿದೆ.

‘ಅಜ್ಜನ ಕಾಲದ ಬಾವಿ ಕಣಪ್ಪ. ಯಾರೂ ಬೀಳದೇ ಇರೋ ಬಾವಿ ಯಾವ ಊರಲ್ಲೈತೆ ಹೇಳು’ ಎಂದರು. ಬೀಡಿಯ ಬೂದಿ ಕೊಡವಿ, ‘ಅದು ನಿನ್ನ ಕೇಳ್ಕೊಂಡು ಬಂದಿಲ್ಲ. ತಗೋ ಅಂತ ಕೈ ಚಾಚಿದ್ದು ನೀನೇ ಅಲ್ವಾ?’ ಎಂದರು.

ಆ ಮಾತು ನನ್ನನ್ನು ಬಾವಿಗಿಂತ ಹೆಚ್ಚು ಹೆದರಿಸಿತು. ಮನೆಗೆ ಬಂದವನೇ ಅಮ್ಮಿಯನ್ನು ಕೇಳಿ ತಾಯತ ಕಟ್ಟಿಸಿಕೊಂಡೆ. ಎಷ್ಟೋ ದಿನ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ.

ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಮುಳ್ಳು ನನ್ನ ಅಂದಾಜಿಗಿಂತ ಬಹಳ ಕೆಳಗಿಳಿದಿತ್ತು. ಗೋವಾಕ್ಕೆ ಮರಳಿ ಗುರುಗಳಿಗೆ ಹೇಳಿದಾಗ, ಹೆದರಿದವನು ಇಬ್ಬರ ಗಾಳಿ ಎಳೆಯುತ್ತಾನೆ ಎಂದರು. ಮೌತ್‌ಪೀಸ್ ಮೇಲ್ಮುಖವಾದರೆ ಗಾಳಿ ತಾನಾಗಿ ಹೊರಗೆ ನುಗ್ಗುತ್ತದೆ, ಸದ್ದು ಅದೇ ಇರಬೇಕು ಎಂದರು. ಇರಬಹುದು. ಬೆರಳುಗಳು ಮಾತ್ರ ಆ ಲೆಕ್ಕಕ್ಕೆ ಸಿಗುವುದಿಲ್ಲ.

ಪರೀಕ್ಷೆಯಲ್ಲಿ ಪಾಸಾದೆ. ಜೊತೆಗಾರ ಎಷ್ಟು ಸಲ ತಟ್ಟಿದರೆ ಅಷ್ಟು ಸಲ ಕೊಟ್ಟೆ. ಗುರುಗಳಿಗೆ ಆಶ್ಚರ್ಯವಾಯಿತು. ಪ್ರತಿ ಸಲವೂ ರಬ್ಬರ್ ತಣ್ಣಗೇ ವಾಪಸ್ ಬಂತು. ಎಲ್ಲಿದ್ದರೂ ತಣ್ಣಗೇ ಬರುತ್ತದೆ, ನೀರು ಕ್ಷಣದಲ್ಲಿ ಬಿಸಿಯನ್ನು ಎಳೆದುಕೊಂಡುಬಿಡುತ್ತದೆ. ಇಷ್ಟು ವರ್ಷ ಎಷ್ಟೋ ಜನಕ್ಕೆ ಈ ಪಾಠ ಕಲಿಸಿದ್ದೇನೆ, ಒಂದು ಸಲವೂ ಬೆಚ್ಚಗೆ ಬಂದಿಲ್ಲ. ಎದುರಿಗೆ ಆಳಿಲ್ಲದೆ ಕೈ ಚಾಚಲು ಮಾತ್ರ ನನ್ನ ಶಿಷ್ಯರಲ್ಲಿ ಯಾರನ್ನೂ ಬಿಡುವುದಿಲ್ಲ. ಯಾಕೆ ಎಂದರೆ ನಿಯಮ ಎನ್ನುತ್ತೇನೆ.

ಕೆಲವು ವರ್ಷಗಳ ನಂತರ ಸುತ್ತಲೂ ಬೋರ್‌ವೆಲ್ ಬಂದು ಆ ಬಾವಿ ಬತ್ತಿತು. ರಜೆಗೆ ಬಂದಾಗ ಮೆಟ್ಟಿಲಿಳಿದು ತಳದವರೆಗೂ ಹೋದೆ. ಬಿರುಕುಬಿಟ್ಟ ಕೆಸರು, ಒಡೆದ ಬಿಂದಿಗೆ, ಈಜು ಕಲಿಯುವಾಗ ನನ್ನ ಬೆನ್ನಿಗೆ ಕಟ್ಟಿದ್ದೋ ಏನೋ, ಒಂದು ತುಕ್ಕು ಹಿಡಿದ ಡಬ್ಬ. ಬೇರೇನೂ ಇರಲಿಲ್ಲ. ಅಂದು ಮಂಡಿಯೂರಿದ ಜಾಗ ಅಂದಾಜು ಮಾಡಿ ಅಲ್ಲೇ ನಿಂತೆ. ಮೇಲೆ ಯಾರೂ ಇಲ್ಲವೆಂದು ನೋಡಿಕೊಂಡು, ‘ತಪ್ಪಾಯ್ತು’ ಎಂದೆ.

ಯಾರಿಗೆ ಹೇಳಿದೆನೋ ಇವತ್ತಿಗೂ ನನಗೆ ಗೊತ್ತಿಲ್ಲ.