ಹೊತ್ತು ಮುಳುಗುವುದರೊಳಗೆ

ನಾನು ಯಾವ ದೇಶಕ್ಕೆ ಹೋಗಿ ಓಡಬೇಕು ಎಂಬುದನ್ನು ತೀರ್ಮಾನ ಮಾಡಿದವಳು ನನ್ನ ಅಕ್ಕ. ಓಟದ ಗೆಳೆಯರು ಇದನ್ನು ಕೇಳಿದರೆ ನಗುತ್ತಾರೆ, ನಗಲಿ. ಅವರೆಲ್ಲ ಕೋಚ್‌ಗಳನ್ನು ಕೇಳುತ್ತಾರೆ, ಮೊಬೈಲಿನಲ್ಲಿ ನಕ್ಷೆ ತೆರೆದು ಏರು ಎಷ್ಟು, ಇಳಿಜಾರು ಎಷ್ಟು ಎಂದು ಅಳೆಯುತ್ತಾರೆ. ನಾನೂ ಅಳೆದಿದ್ದೆ. ಆದರೆ ಎರಡು ಊರುಗಳ ನಡುವೆ ನನ್ನ ಮನಸ್ಸು ಹೊಯ್ದಾಡುತ್ತಿದ್ದಾಗ, ಮಸ್ಕಿಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ ತಲೆ ಎತ್ತದೆ ಒಂದು ಮಾತು ಹೇಳಿದಳು. ಅದೇ ಆಯಿತು.

ಸಿಂಧನೂರಿನಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ದಿನವಿಡೀ ಗಲ್ಲೆಯ ಮುಂದೆ ಕೂತು ಹೊಟ್ಟೆ ಬಂದಿತ್ತು. ಅದನ್ನು ಇಳಿಸಲು ಸೈಕಲ್ ತೆಗೆದುಕೊಂಡೆ, ಸೈಕಲ್ಲಿನಿಂದ ಓಟಕ್ಕೆ ಬಿದ್ದೆ, ಓಟದಿಂದ ಕಾಲುವೆಗೆ ಬಿದ್ದೆ. ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಬಿಡದೆ ಮುಗಿಸುವ ಹುಚ್ಚಿಗೆ ಟ್ರಯಾಥ್ಲಾನ್ ಎನ್ನುತ್ತಾರೆ. ಅದರಲ್ಲೂ ಬೆಳಗಿನಿಂದ ಕತ್ತಲಾಗುವವರೆಗೆ ಹಿಡಿಯುವ ದೂರದ ಸ್ಪರ್ಧೆಯ ಹುಚ್ಚು ನನ್ನದು. ಭಾನುವಾರ ಲಿಂಗಸುಗೂರಿನವರೆಗೆ ಸೈಕಲ್ ತುಳಿದು, ಹೊರಳಿ ಬರುವಾಗ ಮಸ್ಕಿಯಲ್ಲಿ ಅಕ್ಕನ ಮನೆಗೆ ಇಳಿಯುತ್ತಿದ್ದೆ. ದಾರಿಯಲ್ಲಿ ನನ್ನ ಗಿರಾಕಿಗಳೇ ಬೈಕು ನಿಧಾನ ಮಾಡಿ, "ಯಾಕ್ರೀ ಸಾವ್ಕಾರ್ರ, ಗಾಡಿ ಕೆಟ್ಟೈತೇನು? ಹತ್ರಿ ಹಿಂದ" ಎನ್ನುತ್ತಿದ್ದರು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ "ಮನ್ಯಾಗ ಹೊರಗ ಹಾಕ್ಯಾರಪಾ" ಎನ್ನುವುದನ್ನು ಕಲಿತೆ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ. ಭಾವ ತೀರಿಕೊಂಡ ಮೇಲೂ ತನ್ನ ಅತ್ತೆಯ ಜೊತೆ ಮಸ್ಕಿಯಲ್ಲೇ ಉಳಿದಳು. ಆ ಮುದುಕಿಯನ್ನು ನಾನೂ ಅತ್ತಿ ಎಂದೇ ಕರೆಯುತ್ತೇನೆ. ಅಕ್ಕನ ಒಬ್ಬಳೇ ಮಗಳನ್ನು ಪುಣೆಗೆ ಕೊಟ್ಟಿತ್ತು. ಅಕ್ಕನಿಗೆ ಇದ್ದ ತೊಂದರೆ ಒಂದೇ: ಹೊತ್ತು ಮುಳುಗಿದರೆ ಕಣ್ಣು ಕಾಣುತ್ತಿರಲಿಲ್ಲ. ಹಗಲು ಅಕ್ಕಿಯೊಳಗಿನ ಸಣ್ಣ ಹರಳನ್ನೂ ಬಿಡದವಳು, ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ಕಣ್ಣಿನ ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದಿದ್ದರು.

ನನ್ನ ಮೊದಲ ಸ್ಪರ್ಧೆ ನಮ್ಮ ದೇಶದಲ್ಲೇ, ಪಡುವಣ ಸಮುದ್ರ ದಂಡೆಯ ಒಂದು ಊರಿನಲ್ಲಿ. ನೋಡಲು ಅಕ್ಕನೂ ಬಂದಿದ್ದಳು. ಬೆಳಿಗ್ಗೆ ಏಳಕ್ಕೆ ನೀರಿಗೆ ಇಳಿದವನು ಮುಗಿಸಲು ಹದಿಮೂರು ತಾಸಿನ ಮೇಲೆ ತೆಗೆದುಕೊಂಡೆ. ಕತ್ತಲಾಗಿ ಎಷ್ಟೋ ಹೊತ್ತಾಗಿತ್ತು. ಕೊನೆಯ ಗೆರೆಯ ಪಕ್ಕ ಕಂಬಿ ಹಿಡಿದು ನಿಂತಿದ್ದ ಅಕ್ಕ, ನನ್ನ ಮುಂದೆ ಓಡುತ್ತಿದ್ದ ಯಾರದೋ ಮಗನಿಗೆ "ಬಂದಾನ, ನನ್ನ ತಮ್ಮ ಬಂದಾನ" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ನಾನು ಅವಳ ಮುಂದೆಯೇ ಹಾದುಹೋದೆ. ಕರೆಯೋಣವೆಂದರೆ ಉಸಿರಿರಲಿಲ್ಲ. ಆಮೇಲೆ ಹೋಗಿ ಭುಜ ಮುಟ್ಟಿದಾಗ, ಕೈ ಸವರಿ ಗುರುತು ಹಿಡಿದು, "ನೀ ಯಾವಾಗ ಬಂದೆಲೇ?" ಎಂದಳು.

ಊರಿಗೆ ಬರುವ ಬಸ್ಸಿನಲ್ಲಿ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. "ಅಷ್ಟು ದೂರ ಹೋಗಿ ನಿನ್ನ ನೋಡಲಿಲ್ಲ ನಾ. ಇನ್ನೊಮ್ಮೆ ಓಡು ತಮ್ಮಾ. ಹೊತ್ತು ಮುಳುಗೂದರಾಗ ಬಾ. ನೀ ಬರೂದು ಕಣ್ಣಾರೆ ನೋಡ್ತೀನಿ."

ವೇಗದ ದಾರಿ, ಹಿಂದಿನದಕ್ಕಿಂತ ಕಡಿಮೆ ಸಮಯ ಎಂದು ನಾನು ಒದ್ದಾಡಿದ್ದೆಲ್ಲ ಇದಕ್ಕೆ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಹನ್ನೆರಡು ತಾಸಿನೊಳಗೆ ಮುಗಿಸಬೇಕು, ಆಗ ಮಾತ್ರ ಅವಳ ಕಣ್ಣಿಗೆ ಬೀಳುತ್ತೇನೆ. ನಮ್ಮ ಬಿಸಿಲಿನಲ್ಲಿ ಅದು ನನ್ನಿಂದ ಆಗದ ಮಾತು. ತಂಪು ದೇಶ ಬೇಕು, ಸಪಾಟು ರಸ್ತೆ ಬೇಕು. ಹುಡುಕಿ ಹುಡುಕಿ ಎರಡು ಸ್ಪರ್ಧೆ ಉಳಿದವು, ಎರಡೂ ಯುರೋಪಿನ ಉತ್ತರದ ತುದಿಯ ಕಡೆ. ಒಂದು ಜೂನ್ ಮೊದಲಿಗೆ. ಊರು ಚಂದ, ಬೇಗ ಹೋಗಿಬಂದರೆ ಹಂಗಾಮಿಗೆ ಅಂಗಡಿಯಲ್ಲಿರಬಹುದು, ಆದರೆ ದಾರಿಯೆಲ್ಲ ಗುಡ್ಡ. ಇನ್ನೊಂದು ಆಗಸ್ಟ್‌ನಲ್ಲಿ. ಅಲ್ಲಿ ಈಜುವುದು ಕಾಲುವೆಯಲ್ಲಿ, ರಸ್ತೆ ನಮ್ಮೂರ ಪಕ್ಕ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಗದ್ದೆಗಳಷ್ಟು ಸಮ. ಮಂದಿ ಅಲ್ಲಿಗೆ ಹೋಗುವುದೇ ವೇಗಕ್ಕಾಗಿ.

ಅಕ್ಕ ರೊಟ್ಟಿ ತಿರುವಿ ಹಾಕಿ ಕೇಳಿದಳು, "ಜೂನಿನ್ಯಾಗ ಓಡಿದರ ಹೊತ್ತು ಮುಳುಗೂದರಾಗ ಬರ್ತೀಯೇನು?"

"ಇಲ್ಲಕ್ಕ. ಗುಡ್ಡ ಅದಾವು. ಕತ್ತಲಾಕೈತಿ."

"ಹಂಗಾರ ಆಗಸ್ಟಿಂದು ಹಿಡಿ. ಎರಡು ತಿಂಗಳಾಗ ನಾ ಎಲ್ಲಿ ಓಡಿ ಹೊಕ್ಕೀನಿ?"

ಇನ್ನು ಉಳಿದದ್ದು ತಣ್ಣೀರಿನ ಹೆದರಿಕೆ. ನಮ್ಮ ಕಾಲುವೆ ಬೇಸಿಗೆಯಲ್ಲಿ ಬಂದ್, ನೀರು ಬಿಟ್ಟಾಗಲೂ ಬೆಚ್ಚಗೇ ಇರುತ್ತದೆ. ಉಪಾಯ ಹೇಳಿದವಳೂ ಅಕ್ಕನೇ. "ಕ್ಯಾಂಪಿನ್ಯಾಗ ಮೀನಿಗೆ ಐಸ್ ಹಾಕ್ತಾರಲ್ಲ, ಅದನ್ನ ತೊಗೊಂಬಾ." ನಾನು ಕಾರು ತೆಗೆದುಕೊಂಡು ಕ್ಯಾಂಪಿಗೆ ಹೋದೆ. ಮೀನು ಮಾರುವ ಬಂಗಾಲಿ ಹೆಂಗಸು ನನ್ನ ಹಣೆಯ ವಿಭೂತಿ ನೋಡಿ ದನಿ ತಗ್ಗಿಸಿ, "ಯಾರು ಹೋದ್ರು?" ಎಂದು ಕೇಳಿದಳು. ನಮ್ಮಂಥವರು ಅವಳ ಹತ್ತಿರ ಐಸ್ ಕೇಳಿಕೊಂಡು ಹೋಗುವುದು ಮನೆಯಲ್ಲಿ ಹೆಣ ಇದ್ದಾಗ ಮಾತ್ರ. "ಐಸ್ ನನಗ ಬೇಕವ್ವಾ, ನಾ ಕೂಡ್ತೀನಿ ಅದರಾಗ" ಎಂದಾಗ ಅವಳು ನಕ್ಕ ನಗುವಿಗೆ ಪಕ್ಕದ ಅಂಗಡಿಯವರೂ ಎದ್ದು ಬಂದರು. ಐಸಿನ ದಪ್ಪ ಗಡ್ಡೆಗಳನ್ನು ಭತ್ತದ ಹೊಟ್ಟಿನಲ್ಲಿ ಹೂತು, ಗೋಣಿಚೀಲ ಸುತ್ತಿ ಕೊಟ್ಟಳು.

ಮಸ್ಕಿಯಲ್ಲಿ ಅತ್ತಿ ಬಾಗಿಲಿಗೆ ಅಡ್ಡ ನಿಂತಳು. "ಲಿಂಗ ಕಟ್ಟಿದ ಮನಿಗೆ ಮೀನಿನ ಐಸ್ ತಂದಾನ. ಬುದ್ಧಿ ಎಲ್ಲಿ ಒತ್ತಿ ಇಟ್ಟಾನ ಇವ?" ಅಕ್ಕ ಗಡ್ಡೆಗಳ ಮೇಲೆ ಎರಡು ಕೊಡ ನೀರು ಸುರಿದು ತೊಳೆದಳು, ಒಂದೊಂದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದಳು. "ಈಗ ಇವಕ್ಕೂ ದೀಕ್ಷಾ ಆತು. ಬಿಡ್ರಿ ಅತ್ತಿ." ಮುದುಕಿಗೂ ನಗು ತಡೆಯಲಾಗಲಿಲ್ಲ.

ಆ ಬೇಸಿಗೆಯ ಭಾನುವಾರಗಳೆಲ್ಲ ಹಾಗೇ ಕಳೆದವು. ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ನಾನು ಹಲ್ಲು ಕಡಿಯುತ್ತಾ ಕೂಡುವುದು, ಕಟ್ಟೆಯ ಮೇಲೆ ಅಕ್ಕ ಜಪಮಾಲೆ ಹಿಡಿದು ಕೂಡುವುದು. ಮಾಲೆ ಒಂದು ಸುತ್ತು ಮುಗಿಯುವ ತನಕ ನಾನು ಏಳುವಂತಿಲ್ಲ.

"ಬೇಕಂತ ತಡಾ ಮಾಡಾಕತ್ತೀದಿ ನೀ."

"ದೇವರ ಹೆಸರಿಗೆ ಅವಸರ ಇಲ್ಲಪಾ. ಕೂಡು ಸುಮ್ಮನ."

ಒಂದು ದಿನ ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ಅವಳಿಗೆ ಸ್ವೆಟರ್ ಕೊಡಿಸಿದೆ. ಅಂಗಡಿಯವನು ಹಣೆಯ ಬೆವರು ಒರೆಸುತ್ತಾ, "ಇಂಥಾ ಬ್ಯಾಸಗ್ಯಾಗ ಸ್ವೆಟರ್ ಯಾಕ್ರೀ ಅವ್ವಾರ?" ಎಂದ. "ನನ್ನ ತಮ್ಮ ಓಡ್ತಾನ, ನಾ ಕುಂತು ನೋಡ್ತೀನಿ. ಅಲ್ಲಿ ಥಂಡಿ ಭಾಳಂತ" ಎಂದು ಎದೆಯುಬ್ಬಿಸಿ ಹೇಳಿದಳು. ಹಸಿರು ಬಣ್ಣದ್ದು ಆರಿಸಿದಳು. ದೂರದಿಂದ ನನಗೂ ಅವಳು ಕಾಣಬೇಕಂತೆ.

ಜೂನ್ ಹೋಯಿತು. ಆ ಗುಡ್ಡದ ಊರಿನ ಸ್ಪರ್ಧೆ ಮುಗಿದ ದಿನ ನಾನು ಅಂಗಡಿಯಲ್ಲಿ ಬೀಜದ ಚೀಲ ಇಳಿಸಿಕೊಳ್ಳುತ್ತಿದ್ದೆ, ಅದರ ನೆನಪೂ ಬರಲಿಲ್ಲ.

ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮ ಪದ್ಧತಿ. ಎಷ್ಟೇ ವಯಸ್ಸಾಗಿರಲಿ, ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು. ಆ ಬೆಳಿಗ್ಗೆ ಅಕ್ಕನನ್ನು ಕರೆತರಲು ಹೊರಟವನು ಇನ್ನೂ ಮಸ್ಕಿ ಮುಟ್ಟಿರಲಿಲ್ಲ, ಅತ್ತಿಯ ಫೋನ್ ಬಂತು. "ಲಗೂ ಬಾ" ಎಂದಳು, ಅಷ್ಟೇ. ಹೋಗಿ ನೋಡಿದರೆ ಅಕ್ಕ ಪೂಜೆಗೆ ಕೂತಲ್ಲೇ ಗೋಡೆಗೆ ಒರಗಿದ್ದಳು. ಹೃದಯ ನಿಂತಿತ್ತು ಎಂದರು ಡಾಕ್ಟರು. ಪಕ್ಕದಲ್ಲಿ ನನಗೆಂದು ಕಟ್ಟಿದ ಶೇಂಗಾ ಉಂಡಿಯ ಡಬ್ಬಿ, ಮಡಚಿಟ್ಟ ಸೀರೆಗಳ ಚೀಲ. ತವರಿಗೆ ಹೊರಟು ಕೂತಿದ್ದವಳು. ನಾನು ಅವಳ ಕಾಲ ಮೇಲೆ ಬಿದ್ದು ಸಣ್ಣ ಹುಡುಗನ ಹಾಗೆ ಅತ್ತೆ.

ಪುಣೆಯಿಂದ ಮಗಳು ಬರುವ ತನಕ ಕಾಯಬೇಕಿತ್ತು. ಅತ್ತಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಕ್ಯಾಂಪಿಗೆ ಹೋಗಿ ಐಸ್ ತೊಗೊಂಬಾ."

ಮೀನಿನ ಹೆಂಗಸು ದೂರದಿಂದಲೇ ನನ್ನನ್ನು ಕಂಡು ನಕ್ಕಳು. "ಇವತ್ತು ಎಷ್ಟು ಹೊತ್ತು ಕೂಡ್ತೀ?" ಎಂದಳು. ನನ್ನ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು. "ಅಕ್ಕಗ" ಎಂದೆ. ಅವಳು ಕೈತುಂಬ ಹೊಟ್ಟು ಹಾಕಿ ಗಡ್ಡೆಗಳನ್ನು ಸುತ್ತಿದಳು, ಕಾರಿನವರೆಗೆ ತಾನೇ ಹೊತ್ತು ತಂದಳು.

ಅಕ್ಕನನ್ನು ಜಗಲಿಯಲ್ಲಿ ಕೂಡಿಸಿದ್ದರು, ನಮ್ಮವರಲ್ಲಿ ಕೂಡಿಸಿಯೇ ಕಳಿಸುವುದು. ನಾನು ತಂದ ಗಡ್ಡೆಗಳನ್ನು ಅತ್ತಿ ತೊಳೆದಳು. ಆಮೇಲೆ ಒಂದೊಂದಕ್ಕೂ ವಿಭೂತಿ ಎಳೆದು, ಸೊಸೆಯ ಎಡಕ್ಕೂ ಬಲಕ್ಕೂ ಇಡಿಸಿದಳು.

ಓಡಲು ಹೋಗುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಯಾರು ನೋಡಬೇಕೆಂದು ಹೋಗಲಿ? ಅತ್ತಿಯೇ ಬಯ್ದಳು. "ಆಕಿ ಆರಿಸಿಕೊಟ್ಟಿದ್ದು ಅದು. ಓಡಿ ಬಾ" ಎಂದು ಆ ಹಸಿರು ಸ್ವೆಟರನ್ನು ನನ್ನ ಚೀಲಕ್ಕೆ ತುರುಕಿದಳು.

ಆ ಊರು ಮುಟ್ಟಿದ ದಿನ, ಬೇಗ ಮಲಗಬೇಕೆಂದು ಕೋಣೆಗೆ ಬಂದೆ. ಗಡಿಯಾರದಲ್ಲಿ ರಾತ್ರಿ ಎಂಟು. ಕಿಟಕಿಯಲ್ಲಿ ಬಿಸಿಲು. ಗಡಿಯಾರ ತಿರುಗಿಸುವಾಗ ತಪ್ಪಿರಬೇಕು ಎಂದುಕೊಂಡು ಕೆಳಗೆ ಹೋಗಿ ಮನೆಯೊಡತಿಯನ್ನು ಕೇಳಿದೆ. ಇಲ್ಲ, ಸರಿಯಾಗಿದೆ, ನಮ್ಮಲ್ಲಿ ಬೇಸಿಗೆಯಲ್ಲಿ ಸೂರ್ಯ ಇನ್ನೂ ಹೊತ್ತು ಇರುತ್ತಾನೆ ಎಂದು ಆಕೆ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ಈ ಕಡೆಯ ದೇಶಗಳಲ್ಲೆಲ್ಲ ಜೂನಿನಲ್ಲಂತೂ ರಾತ್ರಿ ಹತ್ತಾದರೂ ಮುಳುಗುವುದಿಲ್ಲವಂತೆ.

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ರಸ್ತೆಯ ಏರು ನೋಡಿದ್ದೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂದು ನೋಡಿದ್ದೆ, ನೀರು ಎಷ್ಟು ತಣ್ಣಗೆಂದು ನೋಡಿದ್ದೆ. ಹೊತ್ತು ಯಾವಾಗ ಮುಳುಗುತ್ತದೆ ಎಂದು ಯಾರು ನೋಡುತ್ತಾರೆ? ಮಸ್ಕಿಯಲ್ಲಿ ಮುಳುಗುವ ಹೊತ್ತಿಗೇ ಎಲ್ಲ ಕಡೆ ಮುಳುಗುತ್ತದೆ ಎಂದು ಅಕ್ಕನೂ ನಾನೂ ನಂಬಿದ್ದೆವು. ಜೂನಿನಲ್ಲಿ ಆ ಗುಡ್ಡಗಳಲ್ಲಿ ನಾನು ಹದಿಮೂರು ತಾಸು ತೆಗೆದುಕೊಂಡಿದ್ದರೂ ಬಿಸಿಲಿನಲ್ಲೇ ಮುಗಿಸುತ್ತಿದ್ದೆ. ಜೂನಿನಲ್ಲಿ ಅಕ್ಕ ಇದ್ದಳು.

ಸ್ಪರ್ಧೆಯ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕಾಲುವೆಯ ನೀರು ನಮ್ಮ ತೊಟ್ಟಿಯ ಅರ್ಧದಷ್ಟೂ ತಣ್ಣಗಿರಲಿಲ್ಲ. ರಸ್ತೆ ಹೇಳಿದಂತೆಯೇ ಸಪಾಟು, ಗಾಳಿ ಬೆನ್ನಿಗೆ. ನಿಧಾನ ಮಾಡಿದರೂ ಕೇಳುವವರಿರಲಿಲ್ಲ, ಆದರೆ ಹೊತ್ತು ಮುಳುಗುವುದರೊಳಗೆ ಬರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ. ಅತ್ತುಕೊಂಡೇ ಓಡಿದೆ. ಹನ್ನೆರಡು ತಾಸು ಆಗಲು ಇನ್ನೂ ಬಾಕಿ ಇರುವಾಗಲೇ ಗೆರೆ ದಾಟಿದೆ. ಕೊರಳಿಗೆ ಪದಕ ಹಾಕಿದವಳು ಇದು ನಿಮ್ಮ ಅತಿ ಒಳ್ಳೆಯ ಸಮಯವೇ ಎಂದು ಕೇಳಿದಳು, ಹೌದು ಎಂದೆ.

ಅಕ್ಕನ ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಕಂಬಿಯ ಪಕ್ಕ ಕುಳಿತೆ. ನನ್ನ ಹಿಂದಿನವರು ಒಬ್ಬೊಬ್ಬರೇ ಬರುತ್ತಿದ್ದರು, ಹದಿಮೂರು ತಾಸಿನವರೂ ಬಂದರು. ಅವರವರ ಮನೆಯವರು ದೂರದಲ್ಲೇ ಗುರುತು ಹಿಡಿದು ಹೆಸರು ಕೂಗುತ್ತಿದ್ದರು.

ಅತ್ತಿಗೆ ಫೋನ್ ಮಾಡಿದೆ. ಮಸ್ಕಿಯಲ್ಲಿ ಎಲ್ಲರೂ ಮಲಗುವ ಹೊತ್ತು ಮೀರಿತ್ತು, ಅವಳು ಮಾತ್ರ ಎದ್ದು ಕೂತಿದ್ದಳು.

"ಹೊತ್ತು ಮುಳುಗೂದರಾಗ ಮುಟ್ಟಿದೇನಪಾ?"

"ಮುಟ್ಟೀನ್ರಿ ಅತ್ತಿ."

"ಜೂನಿಂದು ಬಿಟ್ಟು ಇದನ್ನ ಹಿಡಿದದ್ದು ಚಲೋ ಆತು ನೋಡು. ಅಲ್ಲೀಗ ಕತ್ತಲಾತೇನು?"

ಎದುರಿಗೆ ಮನೆಗಳ ಮೇಲೆ ಸೂರ್ಯ ಇನ್ನೂ ಇದ್ದ. ಮಡಿಲಲ್ಲಿದ್ದ ಸ್ವೆಟರಿನ ಒಂದೊಂದು ಎಳೆಯೂ ಕಾಣುವಷ್ಟು ಬೆಳಕಿತ್ತು.

"ಹೂಂನ್ರಿ," ಎಂದೆ. "ಈಗ ಆತು."